ಹೈಡ್ರೋಜನ್ ಇಂಧನ: ಹೊಗೆ ಇಲ್ಲವೆಂದ ಮಾತ್ರಕ್ಕೆ ಸ್ವಚ್ಛವೇ?

ಹೈಡ್ರೋಜನ್ ವಾಹನದ ಸುದ್ದಿ ಎಲ್ಲೇ ಬರಲಿ, ‘ಹೊರಬರುವುದು ನೀರಿನ ಆವಿ ಮಾತ್ರ’ ಎಂಬ ವಾಕ್ಯ ಅದರಲ್ಲಿ ಇದ್ದೇ ಇರುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ವಾಹನದ ಹಿಂಬದಿಯನ್ನು ತೋರಿಸುವ ಭರದಲ್ಲಿ, ಟ್ಯಾಂಕಿನೊಳಗೆ ಬಂದ ಅನಿಲ ಎಲ್ಲಿ ತಯಾರಾಯಿತು ಎಂಬ ಪ್ರಶ್ನೆಯನ್ನು ಅದು ನಯವಾಗಿ ಪಕ್ಕಕ್ಕೆ ಸರಿಸಿಬಿಡುತ್ತದೆ.

ಹೈಡ್ರೋಜನ್ ಆಮ್ಲಜನಕದೊಂದಿಗೆ ಕೂಡಿದಾಗ ನೀರಾಗುತ್ತದೆ, ಜೊತೆಗೆ ಶಕ್ತಿ ಬಿಡುಗಡೆಯಾಗುತ್ತದೆ. ಈ ಶಕ್ತಿಯಿಂದ ಚಕ್ರ ತಿರುಗಿಸಲು ಎರಡು ದಾರಿಗಳಿವೆ. ಪೆಟ್ರೋಲ್ ಅಥವಾ ಡೀಸೆಲ್ಲಿನಂತೆ ಎಂಜಿನ್ನಿನೊಳಗೇ ಉರಿಸುವುದು ಮೊದಲನೆಯದು. ಇಂಧನದಲ್ಲಿ ಇಂಗಾಲವೇ ಇಲ್ಲದ ಕಾರಣ ಇಂಗಾಲದ ಡೈಆಕ್ಸೈಡ್ ಹುಟ್ಟುವುದಿಲ್ಲ, ನಿಜ. ಆದರೆ ಉರಿಯ ತಾಪಕ್ಕೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಹಾಗಾಗಿ ‘ನೀರು ಮಾತ್ರ’ ಎಂಬ ಪ್ರಚಾರ ಇಂಥ ಎಂಜಿನ್ನಿಗೆ ಸಲ್ಲದು.

ಎರಡನೆಯ ದಾರಿ ಇಂಧನ ಕೋಶ, ಅಂದರೆ ಫ್ಯೂಯೆಲ್ ಸೆಲ್. ಇದರಲ್ಲಿ ಬೆಂಕಿಯೇ ಇಲ್ಲ. ನಡುವೆ ತೆಳುವಾದ ಪ್ಲಾಸ್ಟಿಕ್ಕಿನಂಥ ಪೊರೆ, ಅದರ ಎರಡೂ ಬದಿಗೆ ಪ್ಲಾಟಿನಂ ಕಣಗಳನ್ನು ಲೇಪಿಸಿದ ವಿದ್ಯುದ್ವಾರಗಳು. ಒಂದು ಬದಿಯಿಂದ ಹೈಡ್ರೋಜನ್ ಹರಿದು ಬರುತ್ತದೆ. ಪ್ಲಾಟಿನಂ ಅದರ ಅಣುವನ್ನು ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳನ್ನು ಬೇರೆ ಮಾಡುತ್ತದೆ. ಪೊರೆಯ ವಿಶೇಷವೆಂದರೆ ಅದು ಪ್ರೋಟಾನನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ಬಿಡುವುದಿಲ್ಲ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತುದಾರಿಯೇ ವಿದ್ಯುತ್ ಪ್ರವಾಹ, ಮೋಟಾರು ತಿರುಗುವುದು ಅದರಿಂದಲೇ. ಆಚೆ ಬದಿಯಲ್ಲಿ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಗಾಳಿಯ ಆಮ್ಲಜನಕ ಸೇರಿ ನೀರಾಗುತ್ತವೆ. ಕೆಲಸ ಮಾಡುವಾಗ ಒಂದು ಕೋಶದಿಂದ ಸಿಗುವುದು ಒಂದು ವೋಲ್ಟಿಗಿಂತಲೂ ಕಡಿಮೆ. ಆದ್ದರಿಂದ ನೂರಾರು ಕೋಶಗಳನ್ನು ಒಂದರ ಪಕ್ಕ ಒಂದರಂತೆ ಒತ್ತಾಗಿ ಜೋಡಿಸುತ್ತಾರೆ. 2014ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಟೊಯೊಟಾ ಮಿರಾಯ್ ಕಾರಿನಲ್ಲಿ ಇಂಥ 370 ಕೋಶಗಳಿದ್ದವು.

ಇದೇನೂ ಹೊಸ ಶೋಧವಲ್ಲ. ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ ಇದರ ತತ್ತ್ವವನ್ನು ತೋರಿಸಿಕೊಟ್ಟದ್ದು 1839ರ ಹೊತ್ತಿಗೆ. ಮುಂದೆ ಅಪೊಲೊ ನೌಕೆಗಳಿಗೆ ವಿದ್ಯುತ್ ಒದಗಿಸಿದ್ದೂ ಇಂಧನ ಕೋಶಗಳೇ. ಅವುಗಳಲ್ಲಿ ಹುಟ್ಟಿದ ನೀರನ್ನೇ ಗಗನಯಾತ್ರಿಗಳು ಕುಡಿದರು. ಹೈಡ್ರೋಜನ್ ಕಾರು ಕೂಡ ಒಂದು ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರೇ. ವಿದ್ಯುತ್ತನ್ನು ದೊಡ್ಡ ಬ್ಯಾಟರಿಯಲ್ಲಿ ಕೂಡಿಟ್ಟುಕೊಳ್ಳುವ ಬದಲು ಓಡುತ್ತಲೇ ತಯಾರಿಸಿಕೊಳ್ಳುತ್ತದೆ, ಅಷ್ಟೇ.

ಈಗ ಆ ಅನಿಲದ ಮೂಲಕ್ಕೆ ಬರೋಣ. ಕಲ್ಲಿದ್ದಲು, ಕಚ್ಚಾ ತೈಲಗಳಂತೆ ಹೈಡ್ರೋಜನ್ನನ್ನು ನೆಲದಿಂದ ಅಗೆದು ತೆಗೆಯುವುದು ಅಪರೂಪ. ನೀರಿನಲ್ಲೋ ನೈಸರ್ಗಿಕ ಅನಿಲದಲ್ಲೋ ಅದು ಬೇರೆ ಧಾತುಗಳಿಗೆ ಅಂಟಿಕೊಂಡಿರುತ್ತದೆ. ಶಕ್ತಿ ವ್ಯಯಿಸಿ ಬಿಡಿಸಿಕೊಳ್ಳಬೇಕು. ಹಾಗಾಗಿ ಹೈಡ್ರೋಜನ್ ಬಾವಿಯಲ್ಲ, ಕೊಡ. ತುಂಬಿಸಿದ್ದರಲ್ಲಿ ತುಳುಕಿ ಉಳಿದದ್ದಷ್ಟೇ ಕೈಗೆ ಸಿಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಒಂಬತ್ತೂವರೆ ಕೋಟಿ ಟನ್ನಿನ ಆಸುಪಾಸು ಹೈಡ್ರೋಜನ್ ತಯಾರಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದಲೇ ಬರುವುದು. ಬಳಕೆಯಾಗುವುದು ಬಹುಪಾಲು ರಸಗೊಬ್ಬರದ ಅಮೋನಿಯಕ್ಕೆ ಮತ್ತು ತೈಲ ಸಂಸ್ಕರಣೆಗೆ. ನೈಸರ್ಗಿಕ ಅನಿಲವನ್ನು ಬಿಸಿ ಹಬೆಯೊಂದಿಗೆ ವರ್ತಿಸುವಂತೆ ಮಾಡಿ ಒಂದು ಕಿಲೋ ಹೈಡ್ರೋಜನ್ ಪಡೆಯುವಷ್ಟರಲ್ಲಿ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿರುತ್ತದೆ. ಇದನ್ನು ಬೂದು ಹೈಡ್ರೋಜನ್ ಎನ್ನುತ್ತಾರೆ. ಆ ಡೈಆಕ್ಸೈಡನ್ನು ಹಿಡಿದು ನೆಲದಡಿ ಹೂತರೆ ನೀಲಿ. ಸೌರ ಅಥವಾ ಪವನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದರೆ ಹಸಿರು. ಅನಿಲಕ್ಕೆ ಬಣ್ಣವೇ ಇಲ್ಲ, ಈ ಬಣ್ಣಗಳೆಲ್ಲ ಹುಟ್ಟಿನ ಗುರುತುಗಳು. ಬೂದು ಹೈಡ್ರೋಜನ್ ತುಂಬಿಸಿಕೊಂಡು ಓಡುವ ಬಸ್ಸಿನ ಹೊಗೆ ಬೇರೊಂದು ಊರಿನ ಕಾರ್ಖಾನೆಯ ಚಿಮಣಿಯಲ್ಲಿ ಹೋಗುತ್ತಿರುತ್ತದೆ.

ಹಸಿರು ಹೈಡ್ರೋಜನ್ ಆದರೂ ಲೆಕ್ಕ ಸುಲಭವಲ್ಲ. ಒಂದು ಕಿಲೋ ತಯಾರಿಸಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಆ ಒಂದು ಕಿಲೋದಲ್ಲಿ ಅಡಗಿರುವ ಶಕ್ತಿ ಸುಮಾರು 33 ಯೂನಿಟ್. ಅನಿಲವನ್ನು ಒತ್ತಿ ತುಂಬಿಸಲು ಇನ್ನಷ್ಟು ಖರ್ಚು, ಇಂಧನ ಕೋಶದಲ್ಲಿ ಹತ್ತಿರ ಹತ್ತಿರ ಅರ್ಧ ಶಾಖವಾಗಿ ನಷ್ಟ. ಮೊದಲು ಹಾಕಿದ ವಿದ್ಯುತ್ತಿನಲ್ಲಿ ಚಕ್ರ ತಲುಪುವುದು ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆಯೇ. ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿಸಿದರೆ ಶೇಕಡಾ 70ಕ್ಕೂ ಹೆಚ್ಚು ಚಕ್ರಕ್ಕೆ ಮುಟ್ಟುತ್ತದೆ. ಸಣ್ಣ ಕಾರಿಗೆ ಹೈಡ್ರೋಜನ್ ಬೇಕೇ ಎಂಬ ಪ್ರಶ್ನೆಗೆ, ನನ್ನ ಮಟ್ಟಿಗೆ, ಈ ಲೆಕ್ಕವೇ ಉತ್ತರ.

ಹಾಗಿದ್ದರೂ ಇದರ ಆಸೆ ಬಿಡದಿರಲು ಕಾರಣ ತೂಕ ಮತ್ತು ಸಮಯ. ತೂಕಕ್ಕೆ ತೂಕ ನೋಡಿದರೆ ಹೈಡ್ರೋಜನ್‌ನಲ್ಲಿ ಪೆಟ್ರೋಲಿನ ಮೂರರಷ್ಟಕ್ಕೆ ಸಮೀಪದ ಶಕ್ತಿಯಿದೆ. ದೂರದೂರಿಗೆ ಸರಕು ಹೊರುವ ಲಾರಿಗೆ ಟನ್ನುಗಟ್ಟಲೆ ಬ್ಯಾಟರಿಯ ಭಾರವಾಗಲಿ, ಗಂಟೆಗಟ್ಟಲೆ ಚಾರ್ಜಿಂಗ್ ಆಗಲಿ ಹಿಡಿಸದು. ಹೈಡ್ರೋಜನ್ ಕಾರಿನ ಟ್ಯಾಂಕು ಐದು ನಿಮಿಷದೊಳಗೆ ತುಂಬುತ್ತದೆ. ತೊಡಕಿರುವುದು ಗಾತ್ರದಲ್ಲಿ. ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋ ಅನಿಲಕ್ಕೆ 11–12 ಘನ ಮೀಟರ್ ಜಾಗ ಬೇಕು. ಆದ್ದರಿಂದ ಕಾರಿನ ಟ್ಯಾಂಕಿನಲ್ಲಿ ಅದನ್ನು ವಾತಾವರಣದ ಒತ್ತಡದ ಸುಮಾರು 700 ಪಟ್ಟಿಗೆ ಒತ್ತಿಡುತ್ತಾರೆ. ಕಾರ್ಬನ್ ನಾರು ಸುತ್ತಿದ ಆ ಟ್ಯಾಂಕು ಎಷ್ಟು ದಪ್ಪವೆಂದರೆ, ತುಂಬಿದ ಟ್ಯಾಂಕಿನ ತೂಕದಲ್ಲಿ ಅನಿಲದ ಪಾಲು ಶೇಕಡಾ ಐದಾರು ಮಾತ್ರ. ರಭಸದಿಂದ ತುಂಬಿಸುವಾಗ ಅನಿಲ ಬಿಸಿಯೇರುವುದರಿಂದ ಬಂಕಿನಲ್ಲೇ ಅದನ್ನು ಮೈನಸ್ 40 ಡಿಗ್ರಿಯವರೆಗೆ ತಂಪಾಗಿಸಿ ಬಿಡಬೇಕಾಗುತ್ತದೆ. ಇಂಥ ಬಂಕನ್ನು ಬೀದಿಗೊಂದರಂತೆ ಕಟ್ಟುವುದು ಕನಸಿನ ಮಾತು.

ಅಪಾಯದ ವಿಚಾರ ಎರಡು ಮಾತಿನಲ್ಲಿ ಹೇಳಬಹುದು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತರೂ ಹೈಡ್ರೋಜನ್ ಹೊತ್ತಿಕೊಳ್ಳಬಲ್ಲದು, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೂ ಕಷ್ಟ. ಅಡುಗೆ ಅನಿಲಕ್ಕೆ ಸೇರಿಸುವ ವಾಸನೆಯ ಗಂಧಕ ಸಂಯುಕ್ತವನ್ನು ಇದಕ್ಕೆ ಸೇರಿಸುವಂತಿಲ್ಲ, ಪ್ಲಾಟಿನಂ ಕೆಟ್ಟುಹೋಗುತ್ತದೆ. ಹಾಗಾಗಿ ಸೋರಿಕೆ ಪತ್ತೆಗೆ ಸಂವೇದಕಗಳೇ ಗತಿ. ಅನಿಲ ಹಗುರವಾಗಿ ಸರ್ರನೆ ಮೇಲೇರಿ ಚದುರುವುದರಿಂದ ಬಯಲಿನಲ್ಲಿ ಭಯ ಕಡಿಮೆ, ಮುಚ್ಚಿದ ಶೆಡ್ಡಿನಲ್ಲಿ ಹೆಚ್ಚು.

ದಿನವೂ ಒಂದೇ ಡಿಪೊಗೆ ಮರಳುವ ಬಸ್ಸು, ರೈಲುಗಳಿಗಾದರೆ ಒಂದೇ ಬಂಕು ಸಾಕು. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ 2018ರಲ್ಲಿ ಹೈಡ್ರೋಜನ್ ರೈಲು ಪ್ರಯಾಣಿಕರನ್ನು ಹೊತ್ತು ಓಡತೊಡಗಿದ್ದು ಇದೇ ತರ್ಕದ ಮೇಲೆ. ವಿದ್ಯುತ್ ತಂತಿ ಎಳೆಯದ ಮಾರ್ಗ, ಡೀಸೆಲ್ ರೈಲಿನ ಬದಲಿಗೆ ಇಂಧನ ಕೋಶದ ರೈಲು. 2022ರಲ್ಲಿ ಅಂಥ 14 ರೈಲುಗಳ ಪೂರ್ಣ ಸೇವೆಗೆ ಚಾಲನೆ ಸಿಕ್ಕಿತು. ಮರುವರ್ಷ ಅದೇ ರಾಜ್ಯದ ಸಾರಿಗೆ ಸಂಸ್ಥೆ, ಮುಂದೆ ಡೀಸೆಲ್ ರೈಲುಗಳ ಜಾಗಕ್ಕೆ ಬ್ಯಾಟರಿ ರೈಲುಗಳನ್ನು ಕೊಳ್ಳುವುದಾಗಿ ಹೇಳಿತು. ಅವುಗಳನ್ನು ಓಡಿಸುವ ಖರ್ಚು ಕಡಿಮೆ ಎಂಬುದು ಅದು ಕೊಟ್ಟ ಕಾರಣ.