ಸಣ್ಣ ದೋಣಿ ಪ್ಲೇನಿಂಗ್‌ಗೆ ಏರದಿದ್ದರೆ: ಮೊದಲು ಆರ್‌ಪಿಎಂ ನೋಡಿ

ದೋಣಿಯ ಹಿಂಬದಿಗೆ ತಗುಲಿಸಿದ ಎಂಜಿನ್ನಿನ ಥ್ರಾಟಲ್ (ವೇಗದ ಹಿಡಿ) ಪೂರ್ತಿ ತಿರುಗಿಸಿದ್ದೀರಿ. ದೋಣಿಯ ಮೂತಿ ಮೇಲೆದ್ದಿದೆ, ಹಿಂಬದಿ ನೀರಿನಲ್ಲಿ ಕುಸಿದಿದೆ, ಎಂಜಿನ್ ಅಬ್ಬರಿಸುತ್ತಿದೆ, ವೇಗ ಮಾತ್ರ ಏರುತ್ತಿಲ್ಲ. ದೋಣಿ ಪ್ಲೇನಿಂಗ್‌ಗೆ, ಅಂದರೆ ನೀರಿನ ಮೇಲ್ಮೈ ಮೇಲೆದ್ದು ಓಡುವ ಸ್ಥಿತಿಗೆ, ಏರಿಲ್ಲ. ಹಲವರು ಇಲ್ಲಿ ನೇರವಾಗಿ ಕಾರ್ಬ್ಯುರೇಟರ್ (ಇಂಧನಕ್ಕೆ ಗಾಳಿ ಬೆರೆಸುವ ಭಾಗ) ಬಿಚ್ಚಲು ಕೂರುತ್ತಾರೆ. ನನ್ನ ಪ್ರಕಾರ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮೊದಲು ಬೇಕಾದದ್ದು ಎರಡು ಅಂಕಿಗಳು: ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಮುಟ್ಟುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಮತ್ತು ಆಗ ದೋಣಿಯ ವೇಗ.

ಏಕೆ ಎಂದು ತಿಳಿಯಲು ಸ್ವಲ್ಪ ಭೌತಶಾಸ್ತ್ರ ಬೇಕು. ನಿಧಾನವಾಗಿ ಸಾಗುವ ದೋಣಿ ತನ್ನ ತೂಕದಷ್ಟು ನೀರನ್ನು ಸರಿಸಿ ತೇಲುತ್ತದೆ. ವೇಗ ಹೆಚ್ಚಿದಂತೆ ಅದು ಎಬ್ಬಿಸುವ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ಮೂತಿ ಒಂದು ಅಲೆಯ ಮೇಲೆ, ಹಿಂಬದಿ ಮುಂದಿನ ಅಲೆಯ ಮೇಲೆ. ವೇಗ ಇನ್ನೂ ಹೆಚ್ಚಿಸಿದರೆ ಹಿಂಬದಿ ನಡುವಿನ ತಗ್ಗಿಗೆ ಜಾರುತ್ತದೆ. ದೋಣಿ ತನ್ನದೇ ಅಲೆಯನ್ನು ಹತ್ತಬೇಕಾಗುತ್ತದೆ. ನೀರಿಗೆ ತಾಗುವ ಭಾಗ 4 ಮೀಟರ್ ಉದ್ದವಿದ್ದರೆ ಈ ಘಟ್ಟ ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲೇ ಬರುತ್ತದೆ (ಮೀಟರಿನಲ್ಲಿರುವ ಉದ್ದದ ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಸಾಕು). ಅದನ್ನು ದಾಟಿ, ತಳಕ್ಕೆ ಬಡಿಯುವ ನೀರಿನ ಒತ್ತಡವೇ ತೂಕದ ಬಹುಪಾಲನ್ನು ಹೊತ್ತಾಗ ಅದು ಪ್ಲೇನಿಂಗ್. ಏರುವಾಗ ಬೇಕಾದಷ್ಟು ಶಕ್ತಿ ಏರಿದ ಕೂಡಲೇ ಬೇಕಾಗುವುದಿಲ್ಲ. ಅದಕ್ಕೇ ಮೇಲೆದ್ದ ದೋಣಿ ಥ್ರಾಟಲ್ ಸ್ವಲ್ಪ ಇಳಿಸಿದರೂ ಮೇಲೆಯೇ ಓಡುತ್ತದೆ. ಸಣ್ಣ ಎಂಜಿನ್ನಿಗೆ ಈ ಏರಿನಲ್ಲಿ ಮಿಗುವ ಶಕ್ತಿ ಇರುವುದಿಲ್ಲ. ಎಲ್ಲೋ ಒಂದು ಚಿಕ್ಕ ಕೊರತೆ ಸಾಕು, ದೋಣಿ ಆ ಏರಿನ ಈಚೆಯೇ ಉಳಿದುಬಿಡುತ್ತದೆ.

ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸರಳ ಟ್ಯಾಕೋಮೀಟರ್ (ಆರ್‌ಪಿಎಂ ಅಳೆಯುವ ಸಾಧನ) ಸಾಕು, ವೇಗಕ್ಕೆ ಫೋನಿನ ಜಿಪಿಎಸ್. ಪೂರ್ತಿ ಥ್ರಾಟಲ್‌ಗೆ ಸರಿಯಾದ ಆರ್‌ಪಿಎಂ ವ್ಯಾಪ್ತಿ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಅದು 5000ರಿಂದ 6000. ಪರೀಕ್ಷೆಯ ವೇಳೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗ ಚಾಲಕನಿಗೆ ಕಟ್ಟಿರಲೇಬೇಕು. ದೋಣಿ ಓಡುವಾಗ ಯಾರೂ ಎದ್ದು ಜಾಗ ಬದಲಿಸಬಾರದು.

ಆರ್‌ಪಿಎಂ ಮೇಲಕ್ಕೆ ಹಾರಿ ವೇಗ ಬಾರದಿದ್ದರೆ ಎಂಜಿನ್ ಆರೋಗ್ಯವಾಗಿಯೇ ಇದೆ, ಪ್ರೊಪೆಲ್ಲರ್ ನೀರನ್ನು ಹಿಡಿಯುತ್ತಿಲ್ಲ. ಲೆಕ್ಕ ಹಾಕಿ ನೋಡಿ: 5500 ಆರ್‌ಪಿಎಂ, ಗೇರ್ ಅನುಪಾತ 2.08 (ಎಂಜಿನ್ 2.08 ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಒಂದು ಸುತ್ತು), ಪಿಚ್ (ಜಾರದೆ ಇದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ) 11 ಇಂಚು ಎಂದರೆ ಜಾರುವಿಕೆಯೇ ಇಲ್ಲದಿದ್ದಲ್ಲಿ ವೇಗ ಗಂಟೆಗೆ ಸುಮಾರು 44 ಕಿ.ಮೀ. ಮೇಲೆದ್ದು ಓಡುವ ದೋಣಿಯಲ್ಲಿ ಇದಕ್ಕಿಂತ ಶೇ. 10–20 ಕಡಿಮೆ ಬರುವುದು ಸಹಜ. ಅದೇ ಆರ್‌ಪಿಎಂನಲ್ಲಿ 12 ಕಿ.ಮೀ. ಬಂದರೆ ಏನೋ ಜಾರುತ್ತಿದೆ. ಒಂದು ಸಾಧ್ಯತೆ, ಪ್ರೊಪೆಲ್ಲರ್ ಒಳಗಿನ ರಬ್ಬರ್ ಹಬ್ (ಶಾಫ್ಟಿನ ತಿರುಗನ್ನು ರೆಕ್ಕೆಗಳಿಗೆ ದಾಟಿಸುವ ಭಾಗ) ಸಡಿಲವಾಗಿರುವುದು. ಒಳಗಿನ ಲೋಹದ ಕೊಳವೆಯಿಂದ ರೆಕ್ಕೆಗಳಿರುವ ಹೊರಗಿನ ಗುಂಬದವರೆಗೆ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದು ದೋಣಿ ಓಡಿಸಿ ಬನ್ನಿ. ಗೆರೆಯ ಎರಡು ತುಂಡುಗಳು ಬೇರೆಯಾಗಿದ್ದರೆ ಹಬ್ ಜಾರಿದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ.

ಇನ್ನೊಂದು ಸಾಧ್ಯತೆ, ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಳ್ಳುವುದು. ಅದರ ಮೇಲ್ಗಡೆ ಚಪ್ಪಟೆಯಾದ ಒಂದು ತಟ್ಟೆ ಇರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು. 15 ಇಂಚಿನ ಗಿಡ್ಡ ಶಾಫ್ಟ್ ಎಂಜಿನ್ನನ್ನು 20 ಇಂಚಿನ ಹಿಂಬದಿ ಹಲಗೆಗೆ ತಗುಲಿಸಿದರೆ ತಟ್ಟೆ ಮೇಲೆಯೇ ಉಳಿದು ಗಾಳಿ ಒಳನುಗ್ಗುತ್ತದೆ.

ಆರ್‌ಪಿಎಂ ವ್ಯಾಪ್ತಿಗಿಂತ ಕೆಳಗೇ ನಿಂತರೆ ವಿಷಯ ಸ್ವಲ್ಪ ಕಗ್ಗಂಟು. ಎಂಜಿನ್ ದುರ್ಬಲವಾಗಿದ್ದರೂ, ಹೊರೆ ಹೆಚ್ಚಾಗಿದ್ದರೂ, ಪಿಚ್ ದೊಡ್ಡದಾಗಿದ್ದರೂ ಮೇಲ್ನೋಟಕ್ಕೆ ಒಂದೇ ಲಕ್ಷಣ. ಬಿಡಿಸುವ ದಾರಿ, ಹೊರೆ ಇಳಿಸಿ ನೋಡುವುದು. ಒಬ್ಬರೇ ಕೂತು, ಅಗತ್ಯದಷ್ಟೇ ಇಂಧನ, ಸುರಕ್ಷತೆಯ ಸಾಮಾನು ಮಾತ್ರ ಇಟ್ಟು ಓಡಿಸಿ. ಆಗ ದೋಣಿ ಸಲೀಸಾಗಿ ಮೇಲೆದ್ದು ಆರ್‌ಪಿಎಂ ಸರಿಯಾದರೆ ಎಂಜಿನ್ನನ್ನು ಬಿಟ್ಟುಬಿಡಿ, ತೂಕದ ಕಡೆ ತಿರುಗಿ. ತಳದಲ್ಲಿ ನಿಂತ 50 ಲೀಟರ್ ನೀರು ಎಂದರೆ 50 ಕೆ.ಜಿ. ಹಳೆಯ ದೋಣಿಗಳಲ್ಲಿ ನೆಲಹಲಗೆಯ ಕೆಳಗಿನ ಫೋಮ್ ನೀರು ಹೀರಿಕೊಂಡು ಕೂತಿರುತ್ತದೆ. ಹೊರಗೆ ಏನೂ ಕಾಣಿಸದು, ದೋಣಿಯನ್ನು ತೂಗಿಸಿದರೆ ಮಾತ್ರ ಗೊತ್ತಾಗುತ್ತದೆ. ತೂಕ ಎಲ್ಲಿದೆ ಎಂಬುದೂ ಮುಖ್ಯ. ಚಾಲಕ, ಬ್ಯಾಟರಿ, ಟ್ಯಾಂಕ್ ಎಲ್ಲ ಹಿಂದೆಯೇ ಇದ್ದರೆ ಮೂತಿ ಇಳಿಯುವುದಿಲ್ಲ. ಟ್ಯಾಂಕನ್ನು ಮುಂದಕ್ಕೆ ಸರಿಸಿ, ಎಂಜಿನ್ನಿನ ಓರೆಯನ್ನು ನಿಗದಿಮಾಡುವ ಟ್ರಿಮ್ ಪಿನ್ನನ್ನು ಹಿಂಬದಿ ಹಲಗೆಗೆ ಹತ್ತಿರದ ತೂತಿಗೆ ಹಾಕಿ. ಈ ಎರಡರಿಂದಲೇ ಎಷ್ಟೋ ದೋಣಿಗಳು ಮೇಲೇಳುತ್ತವೆ. ತಳಕ್ಕೆ ಪಾಚಿ, ಚಿಪ್ಪು ಅಂಟಿದ್ದರೆ ಕೆರೆದು ತೆಗೆಯಿರಿ.

ಹಗುರ ದೋಣಿಯಲ್ಲೂ ಆರ್‌ಪಿಎಂ ಏರದಿದ್ದರೆ ಆಗ ಎಂಜಿನ್ ಕಡೆ ಹೋಗಿ, ಸುಲಭದ್ದರಿಂದ ಶುರುಮಾಡಿ. ಎಂಜಿನ್ ನಿಲ್ಲಿಸಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಕಾರ್ಬ್ಯುರೇಟರ್ ಕವಾಟ ಪೂರ್ತಿ ತೆರೆಯುತ್ತದೆಯೇ? ಕೇಬಲ್ ಸಡಿಲವಿದ್ದರೆ ತೆರೆಯದು. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಪೂರ್ತಿ ವೇಗದಲ್ಲಿ ಸೊರಗುವ ಎಂಜಿನ್, ಜೊತೆಗಿರುವವರು ಇಂಧನ ಕೊಳವೆಯ ರಬ್ಬರ್ ಬಲ್ಬನ್ನು ಒತ್ತಿದಾಗ ಚೇತರಿಸಿಕೊಂಡರೆ ಇಂಧನ ಸಾಲುತ್ತಿಲ್ಲ. ಫಿಲ್ಟರ್, ಕೊಳವೆ, ಪಂಪ್ ನೋಡಿ. ಎರಡು ಸಿಲಿಂಡರಿನಲ್ಲಿ ಒಂದು ಸತ್ತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ, ಅದಕ್ಕೇ ಎರಡೂ ಪ್ಲಗ್ ತೆಗೆದು ಬಣ್ಣ ಹೋಲಿಸಿ, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ.

ಎಂಜಿನ್ ಸರಿಯಿದೆ, ತೂಕವನ್ನು ಇನ್ನು ಇಳಿಸಲಾಗದು ಎಂದಾದರೆ ಪ್ರೊಪೆಲ್ಲರ್ ಬದಲಿಸಿ. ದೊಡ್ಡ ಪಿಚ್‌ನಲ್ಲಿ ಹೊರಡುವುದು ಸೈಕಲ್ಲನ್ನು ಭಾರದ ಗೇರಿನಲ್ಲಿ ಏರು ಹತ್ತಿಸಿದ ಹಾಗೆ. ಪಿಚ್ ಒಂದು ಇಂಚು ಕಡಿಮೆಯಾದರೆ ಆರ್‌ಪಿಎಂ ಸಾಮಾನ್ಯವಾಗಿ 150ರಿಂದ 200 ಏರುತ್ತದೆ. ಹೊಸದು ಹಾಕಿದ ಮೇಲೆ ಖಾಲಿ ದೋಣಿಯಲ್ಲೂ ಒಮ್ಮೆ ಪೂರ್ತಿ ಥ್ರಾಟಲ್ ಕೊಟ್ಟು ಅಳೆಯಿರಿ. ಕೈಪಿಡಿಯ ಗರಿಷ್ಠ ಮಿತಿ ಮೀರುತ್ತಿದ್ದರೆ ಹಗುರವಾಗಿ ಹೋಗುವ ದಿನ ಥ್ರಾಟಲ್ ಹಿಡಿತದಲ್ಲಿಡಿ, ಇಲ್ಲವೇ ಒಂದು ಇಂಚು ದೊಡ್ಡ ಪಿಚ್‌ಗೆ ಮರಳಿ.