ಹೇಜಿ ಐಪಿಎ: ಮಬ್ಬಿಗೆ ಮೂರೇ ಅಂಕ

ತಿಳಿ ಎಂಬ ಪದ ಕನ್ನಡದಲ್ಲಿ ಯಾವಾಗಲೂ ಹೊಗಳಿಕೆ. ತಿಳಿನೀರು, ತಿಳಿಸಾರು, ತಿಳಿಯಾದ ಆಕಾಶ. ಎದುರು ಸಾಲಿನಲ್ಲಿರುವ ಬಗ್ಗಡ, ರಾಡಿ, ಕದಡುಗಳೆಲ್ಲ ಬರೀ ದೂರು. ಹೀಗಾಗಿ ಇಂದಿರಾನಗರದ ಒಂದು ಮೈಕ್ರೋಬ್ರೂವರಿಯಲ್ಲಿ ನನ್ನ ಬಾಲ್ಯದ ಗೆಳೆಯ ತನ್ನ ಲೋಟವನ್ನು ದೀಪಕ್ಕೆ ಎತ್ತಿ ಹಿಡಿದು, “ಇವರು ಸೋಸುವುದನ್ನೇ ಮರೆತಿದ್ದಾರೆ, ವಾಪಸ್ ಕಳಿಸು” ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಾಮರಾಜಪೇಟೆಯಲ್ಲಿ ಬೆಳೆದವನು. ಬಿಯರ್ ಎಂದರೆ ಅವನಿಗೆ ಮೂವತ್ತು ವರ್ಷಗಳಿಂದಲೂ ಆಚೆ ಬದಿಯ ಗೋಡೆ ಕಾಣುವಷ್ಟು ಹೊಳೆಯುವ ಲಾಗರ್. ಅಂದು ಅವನ ಮುಂದೆ ಬಂದಿದ್ದದ್ದು ಮಾವಿನಹಣ್ಣಿನ ಸೀಕರಣೆಗೆ ನೀರು ಬೆರೆಸಿದಂತಿತ್ತು. ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದರ ಹೆಸರಿತ್ತು: ಹೇಜಿ ಐಪಿಎ.

ಹೇಜಿ ಎಂದರೆ ಮಬ್ಬಾದದ್ದು. (ಮಬ್ಬು ಎಂಬುದಕ್ಕೆ ಕುಡಿದವನ ಕಣ್ಣಿನ ಸ್ಥಿತಿ ಎಂಬ ಅರ್ಥವೂ ಇದೆ. ಇಲ್ಲಿ ಅದಲ್ಲ.) ಬಗ್ಗಡ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ಬಗ್ಗಡದಲ್ಲಿ ತಳದ ಮಡ್ಡಿ ಮೇಲೆದ್ದಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೆಳಗಿಳಿಯುತ್ತದೆ. ಈ ಬಿಯರಿನ ಮಬ್ಬು ಹಾಲಿನ ಬಿಳುಪಿನ ಹಾಗೆ ದ್ರವದೊಳಗೇ ಸೇರಿಕೊಂಡಿರುತ್ತದೆ, ಸುಲಭಕ್ಕೆ ಇಳಿಯುವುದಿಲ್ಲ. ಜ್ಯೂಸಿ ಐಪಿಎ, ನ್ಯೂ ಇಂಗ್ಲೆಂಡ್ ಐಪಿಎ ಎಂದು ಬೇರೆ ಬೇರೆ ಕಡೆ ಬರೆದಿರುವುದೂ ಹೆಚ್ಚುಕಡಿಮೆ ಇದನ್ನೇ.

ಇನ್ನು ಐಪಿಎ. ಬಿಡಿಸಿದರೆ ಇಂಡಿಯಾ ಪೇಲ್ ಏಲ್. ಪೇಲ್ ಎಂದರೆ ತಿಳಿಬಣ್ಣದ್ದು, ಏಲ್ ಬಿಯರಿನ ಒಂದು ಬಗೆ. ಹೆಸರಿನಲ್ಲಿ ಇಂಡಿಯಾ ಇದ್ದರೂ ಅದು ಗಿರಾಕಿಯ ವಿಳಾಸ ಮಾತ್ರ, ತಯಾರಾದ ಊರಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಮನೆತನದ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತಿಳಿಬಣ್ಣದ ಏಲ್ ಇಲ್ಲಿಗೆ ಬರುತ್ತಿತ್ತು. 1820ರ ದಶಕದಲ್ಲಿ ಇಂಗ್ಲೆಂಡಿನದೇ ಬರ್ಟನ್ ಊರಿನ ಬಿಯರ್ ತಯಾರಕರು ಆ ವ್ಯಾಪಾರಕ್ಕೆ ಕೈ ಹಾಕಿ ಮೇಲುಗೈ ಪಡೆದರು. ಸಮುದ್ರಯಾನದಲ್ಲಿ ಕೆಡದಿರಲೆಂದೇ ಈ ಬಿಯರನ್ನು ಕಂಡುಹಿಡಿದರು ಎಂಬ ಕಥೆಯನ್ನು ಪಬ್ಬಿನ ಪ್ರತಿ ಮೇಜಿನಲ್ಲೂ ಒಬ್ಬರು ಹೇಳುತ್ತಾರೆ. ಅದು ಅರ್ಧ ಸತ್ಯ. ಕಹಿ ಕೊಡುವ ಹಾಪ್ಸ್ ಹೂವನ್ನು ಹೆಚ್ಚು ಹಾಕಿದರೆ ಬಿಯರ್ ಬಾಳಿಕೆ ಬರುತ್ತದೆ ಎನ್ನುವುದು ಅದಕ್ಕೂ ಮೊದಲೇ ಗೊತ್ತಿತ್ತು, ಪೋರ್ಟರ್ ಎಂಬ ಕಪ್ಪು ಬಣ್ಣದ ಬಿಯರ್ ಕೂಡ ಅದೇ ಸಮುದ್ರ ದಾಟಿ ಧಾರಾಳವಾಗಿ ಇಲ್ಲಿಗೆ ಬರುತ್ತಿತ್ತು.

ಮಬ್ಬಿನ ಕಥೆ ಮಾತ್ರ ತೀರ ಹೊಸದು. ಅಮೆರಿಕದ ವರ್ಮಾಂಟ್ ರಾಜ್ಯದ ವಾಟರ್‌ಬರಿ ಎಂಬ ಪುಟ್ಟ ಊರಿನಲ್ಲಿ 2003ರಲ್ಲಿ ದಿ ಆಲ್ಕೆಮಿಸ್ಟ್ ಎಂಬ ಪಬ್ ಶುರುವಾಯಿತು. ಅಲ್ಲಿನ ಹೆಡಿ ಟಾಪರ್ ಎಂಬ ಬಿಯರ್ ಸೋಸದೆ, ಹಾಪ್ಸ್ ಸುರಿದು ಮಾಡಿದ್ದು. 2011ರಿಂದ ಅದು ಕ್ಯಾನಿನಲ್ಲಿ ಸಿಗತೊಡಗಿತು. ಆ ಕ್ಯಾನಿನ ಮೇಲೆ ಒಂದು ಅಪ್ಪಣೆ ಅಚ್ಚಾಗಿರುತ್ತದೆ: ಕ್ಯಾನಿನಿಂದಲೇ ಕುಡಿಯಿರಿ. ಅಂದರೆ ಮಬ್ಬು ಐಪಿಎಗಳ ಮೂಲಪುರುಷನೇ ತನ್ನ ಮಬ್ಬನ್ನು ಯಾರೂ ನೋಡಬೇಕಿಲ್ಲ ಎಂದಿದ್ದ! ಕ್ಯಾನಿನೊಳಗಿನ ಘಮ ಹಾರಿಹೋಗಬಾರದು ಎನ್ನುವುದು ಅವನ ಚಿಂತೆ. ನೋಡಲು ಚೆಂದವೆಂದು ಉದ್ದ ಲೋಟಕ್ಕೆ ಸುರಿದು ಮೊಬೈಲಿನಲ್ಲಿ ಫೋಟೋ ತೆಗೆಯುವ ಪದ್ಧತಿ ಆಮೇಲೆ ಬಂದದ್ದು. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ತನ್ನ ಶೈಲಿಪಟ್ಟಿಯಲ್ಲಿ ಜ್ಯೂಸಿ ಅಥವಾ ಹೇಜಿ ಎಂಬ ವಿಭಾಗವನ್ನು ಸೇರಿಸಿದ್ದು 2018ರಲ್ಲಿ. ಬೆಂಗಳೂರಿನ ಮೈಕ್ರೋಬ್ರೂವರಿಗಳ ಭರಾಟೆ ಶುರುವಾದದ್ದು 2010ರ ನಂತರ. ಹಾಗೆ ನೋಡಿದರೆ ಈ ಪದವೂ ನಮ್ಮ ಊರಿನ ಈ ಅಭ್ಯಾಸವೂ ಹೆಚ್ಚುಕಡಿಮೆ ಒಂದೇ ಓರಗೆಯವು.

ಮಬ್ಬು ಎಲ್ಲಿಂದ ಬರುತ್ತದೆ ಎನ್ನುವುದು ಅಡುಗೆಮನೆಯ ಮಾತಿನಲ್ಲೇ ಹೇಳಬಹುದಾದ ಸಂಗತಿ. ಹಾಪ್ಸ್ ಎನ್ನುವುದು ಒಂದು ಬಳ್ಳಿಯ ಹೂಗೊಂಚಲು. ಅದನ್ನು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಕುದಿಯುವ ರಸಕ್ಕೆ ಹಾಕಿ ಒಂದು ಗಂಟೆಯಷ್ಟು ಬೇಯಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಬೆಯಾಗಿ ಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಯಾವಾಗ ಹಾಕುತ್ತೇವೆ? ಒಲೆ ಆರಿಸಿದ ಮೇಲೆ. ಹೇಜಿ ಐಪಿಎ ಮಾಡುವವರ ಲೆಕ್ಕವೂ ಅದೇ. ಕುದಿಯುವಾಗ ಹಾಪ್ಸ್ ಸ್ವಲ್ಪವೇ ಹಾಕಿ, ಬಹುಪಾಲನ್ನು ಬೆಂಕಿ ಆರಿದ ಮೇಲೆ, ಹುದುಗು ಬರುವಾಗ, ಹುದುಗು ಮುಗಿದ ಮೇಲೆ ತಣ್ಣನೆಯ ತೊಟ್ಟಿಗೆ ಸುರಿಯುತ್ತಾರೆ. ಹುದುಗು ಶುರುವಾದ ಮೇಲೆ ಹೀಗೆ ಹಾಕುವುದಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು. ಲೀಟರಿಗೆ 10 ಗ್ರಾಂ ದಾಟುವುದೂ ಉಂಟು. ಬಾರ್ಲಿಯ ಜೊತೆಗೆ ಓಟ್ಸ್, ಗೋಧಿ ಸೇರಿಸಿ ಬಾಯಿಗೆ ನುಣುಪು ತರುತ್ತಾರೆ. ಈ ಧಾನ್ಯಗಳ ಪ್ರೋಟೀನು, ಆ ಹಾಪ್ಸಿನಲ್ಲಿರುವ, ಒಗರು ಕೊಡುವ ಪಾಲಿಫಿನಾಲು ಎರಡೂ ಕೈ ಹಿಡಿದು ಬೆಳಕನ್ನು ಚೆದುರಿಸುವ ಸಣ್ಣ ಕಣಗಳಾಗುತ್ತವೆ. ಅದೇ ಮಬ್ಬು. ಘಮದ ಬೆನ್ನು ಹತ್ತಿ ಹೋದವರಿಗೆ ದಾರಿಯಲ್ಲಿ ಸಿಕ್ಕಿದ್ದು. ಹೆಸರು ಬಂದ ಮೇಲೆ ಬರೀ ಮಬ್ಬಿಗಾಗಿ ಗೋಧಿ ಹಿಟ್ಟು ಕದಡಿದವರೂ ಇದ್ದಾರೆ ಎನ್ನಿ. ಅಂಥದ್ದನ್ನು ಬಗ್ಗಡ ಎಂದು ಕರೆಯಲು ನನಗೆ ಸಂಕೋಚವಿಲ್ಲ.

ನೀರಿನದ್ದೂ ಒಂದು ತಮಾಷೆಯ ತಿರುವು. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಂ ಹೇರಳ. ಆ ಸಲ್ಫೇಟು ಕಹಿಯನ್ನು ಚೂಪು ಮಾಡುತ್ತದೆ. ಹೇಜಿ ಮಾಡುವವರು ಕ್ಲೋರೈಡ್ ಪ್ರಮಾಣ ಏರಿಸಿ ಕಹಿಯ ಮೊನೆ ಮುರಿಯುತ್ತಾರೆ. ಹೆಸರು ಉಳಿದಿದೆ, ನೀರು ತಲೆಕೆಳಗಾಗಿದೆ.

ಈಗ ಹಣ್ಣಿನ ವಿಚಾರ. “ಇದಕ್ಕೆ ಯಾವ ಹಣ್ಣಿನ ರಸ ಹಾಕಿದ್ದೀರಿ?” ಎಂದು ಗೆಳೆಯ ಕೇಳಿದ. ಯಾವುದನ್ನೂ ಹಾಕಿರುವುದಿಲ್ಲ. ಹಾಪ್ಸಿನ ಎಣ್ಣೆಗಳಲ್ಲಿ ಹಣ್ಣು ಹೂಗಳಲ್ಲಿರುವ ಪರಿಮಳದ ಅಣುಗಳೇ ಇವೆ. ಮಲ್ಲಿಗೆಯಲ್ಲೂ ಕೊತ್ತಂಬರಿ ಬೀಜದಲ್ಲೂ ಇರುವ ಲಿನಲೂಲ್ ಹಾಪ್ಸಿನಲ್ಲೂ ಇದೆ. ಸೀಬೆ, ಪ್ಯಾಷನ್ ಫ್ರೂಟುಗಳಿಗೆ ಅವುಗಳ ಗುರುತು ಕೊಡುವ ಥಯಾಲ್ ಎಂಬ ಗಂಧಕದ ಸಂಯುಕ್ತಗಳೂ ಇವೆ. ಯೀಸ್ಟ್ ತನ್ನ ಪಾಲಿಗೆ ಇನ್ನಷ್ಟು ಹಣ್ಣಿನ ವಾಸನೆ ಸೇರಿಸುತ್ತದೆ, ಹಾಪ್ಸಿನ ಕೆಲವು ಅಣುಗಳನ್ನು ಬೇರೆ ಪರಿಮಳದವಾಗಿ ಬದಲಿಸಿಯೂ ಬಿಡುತ್ತದೆ. ಸಿಟ್ರಾ, ಮೊಸಾಯಿಕ್ ಎಂಬ ಅಮೆರಿಕದ ತಳಿಗಳು, ಆಸ್ಟ್ರೇಲಿಯಾದ ಗ್ಯಾಲಕ್ಸಿ, ನ್ಯೂಜಿಲೆಂಡಿನ ನೆಲ್ಸನ್ ಸಾವಿನ್ ಈ ಕೆಲಸಕ್ಕೆ ಹೆಸರಾದವು. ನಮ್ಮಲ್ಲಿ ಬಳಕೆಯಾಗುವ ಹಾಪ್ಸಿನ ಬಹುಪಾಲು ಹೊರದೇಶದಿಂದ, ಒತ್ತಿ ಗುಳಿಗೆ ಮಾಡಿದ ರೂಪದಲ್ಲಿ ಬರುತ್ತದೆ.

ಇಲ್ಲಿ ನನ್ನದೊಂದು ತಕರಾರು. ಬೆಂಗಳೂರಿನಲ್ಲಿ ಕುಳಿತು ಇದನ್ನು ಸವಿಯುವವರು ಎಂದೂ ಮನೆಗೆ ತಾರದ ಹಣ್ಣುಗಳ ಹೆಸರು ಹೇಳುತ್ತಾರೆ. ಗ್ರೇಪ್‌ಫ್ರೂಟ್ ಎನ್ನುತ್ತಾರೆ. ವಿಮಾನ ನಿಲ್ದಾಣದ ದಾರಿಯಲ್ಲೇ ದೇವನಹಳ್ಳಿಯ ಚಕ್ಕೋತವಿದೆ, ಭೌಗೋಳಿಕ ಗುರುತು ಪಡೆದ ತಳಿ, ಆ ಗ್ರೇಪ್‌ಫ್ರೂಟಿನ ತಾಯಿವಂಶ. ಸಿಪ್ಪೆ ಸುಲಿದಾಗ ಬೆರಳಿಗೆ ಅಂಟುವ ಆ ಎಣ್ಣೆಯ ಚುರುಕು ವಾಸನೆಯೇ ಸಾಕು. ಮಾವು ಎಂದಷ್ಟೇ ಹೇಳಿದರೂ ಸಾಲದು. ರಸಪುರಿಯ ಹುಳಿಸಿಹಿಯೋ, ಬಾದಾಮಿಯ ಗಟ್ಟಿ ಸಿಹಿಯೋ, ಸಿಪ್ಪೆಯ ಹತ್ತಿರದ ಸೊನೆಯ ಘಾಟೋ? ಮೊಸಾಯಿಕ್‌ನಲ್ಲಿ ನನಗೆ ಸಿಗುವುದು ಹಲವು ಸಲ ಈ ಮೂರನೆಯದು. ಹೇರಳೆಕಾಯಿ, ಕೊಡಗಿನ ಕಿತ್ತಳೆ, ಕೆಂಪು ತಿರುಳಿನ ಸೀಬೆ, ಕೊಳೆಯುವ ಹಿಂದಿನ ದಿನದ ಅನಾನಸ್, ಇವೆಲ್ಲ ನಮ್ಮ ಮೂಗಿನ ನೆನಪಿನಲ್ಲಿರುವ ಪದಗಳು. ನೆನಪಿಲ್ಲದ ಹಣ್ಣನ್ನು ಮೂಗು ಹುಡುಕಲಾರದು.

ಅಂಕ ಕೊಡುವ ಕ್ರಮಕ್ಕೆ ಬರೋಣ. ಬಿಯರ್ ಸ್ಪರ್ಧೆಗಳ ತೀರ್ಪುಗಾರರನ್ನು ತಯಾರು ಮಾಡುವ ಬಿಜೆಸಿಪಿ ಎಂಬ ಅಮೆರಿಕದ ಸಂಸ್ಥೆಯ ಅಂಕಪಟ್ಟಿ 50ಕ್ಕೆ. ಪರಿಮಳಕ್ಕೆ 12, ರುಚಿಗೆ 20, ಬಾಯಿಯಲ್ಲಿನ ಹದಕ್ಕೆ 5, ಒಟ್ಟು ಅನುಭವಕ್ಕೆ 10. ನೋಟಕ್ಕೆ? 3. ಬಣ್ಣ, ನೊರೆ, ಮಬ್ಬು ಎಲ್ಲ ಸೇರಿ ಮೂರೇ ಅಂಕ. ಯಾವ ಗುಣದಿಂದ ಈ ಬಿಯರಿಗೆ ಹೆಸರು ಬಂತೋ ಆ ಗುಣ ಐವತ್ತರಲ್ಲಿ ಮೂರರ ಒಂದು ಪಾಲು. ಹೇಜಿ ಎಂಬ ಪದದ ಅರ್ಥ ಹೇಳಲು ಇದಕ್ಕಿಂತ ಒಳ್ಳೆಯ ನಿಘಂಟು ನನಗೆ ಸಿಕ್ಕಿಲ್ಲ. 2021ರ ಬಿಜೆಸಿಪಿ ಶೈಲಿಪಟ್ಟಿ ಹೇಜಿ ಐಪಿಎಗೆ ಹಾಕುವ ಗಡಿಗಳು ಹೀಗಿವೆ: ಮದ್ಯಸಾರ ಶೇ. 6ರಿಂದ 9, ಕಹಿಯ ಅಳತೆಯಾದ ಐಬಿಯು 25ರಿಂದ 60. ಸಾಮಾನ್ಯ ಅಮೆರಿಕನ್ ಐಪಿಎಯ ಕಹಿ 40ರಿಂದ 70. ಮದ್ಯಸಾರದ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಹಣ್ಣಿನ ರಸದಂತೆ ಇಳಿಯುವ ಇದು ಮಾಮೂಲಿ ಲಾಗರಿಗಿಂತ ಬಲವಾದದ್ದು. ಎರಡನೆಯ ಲೋಟದ ಹೊತ್ತಿಗೆ ಯಾವ ತೀರ್ಪುಗಾರನ ಮಾತನ್ನೂ ನಂಬಬಾರದು.

ಪರಿಮಳದ 12 ಅಂಕ ನೊರೆ ಇಳಿಯುವ ಮೊದಲೇ ತೀರ್ಮಾನವಾಗಬೇಕು. ಲೋಟ ಅರ್ಧಕ್ಕಿಂತ ಕಡಿಮೆ ತುಂಬಿರಲಿ, ಒಮ್ಮೆ ತಿರುಗಿಸಿ ಚಿಕ್ಕ ಚಿಕ್ಕ ಉಸಿರುಗಳಲ್ಲಿ ಮೂಸಿ. ಮಂಜು ಹಿಡಿದ ಲೋಟ ತಂದುಕೊಡುವುದು ನಮ್ಮಲ್ಲಿ ಮರ್ಯಾದೆಯ ಲಕ್ಷಣ, ಆದರೆ ಈ ಬಿಯರಿಗೆ ಅದು ಶತ್ರು. ತೀರ ತಣ್ಣಗಿದ್ದರೆ ಘಮ ಏಳುವುದೇ ಇಲ್ಲ. 7ರಿಂದ 10 ಡಿಗ್ರಿಗೆ ಬರುವವರೆಗೆ ಮಾತಾಡುತ್ತ ಕೂರುವುದು ಒಳ್ಳೆಯದು. ಜೊತೆಗೆ ಖಾರದ ಮಸಾಲೆ ಕಡಲೆಕಾಯಿ ಬೇಡ. ಖಾರವೂ ಮದ್ಯಸಾರವೂ ಒಂದನ್ನೊಂದು ಕೆಣಕಿ ಉರಿಯಷ್ಟೇ ಉಳಿಯುತ್ತದೆ. ನಾನು ಇದನ್ನು ಹೇಳುತ್ತೇನೆ, ಪಾಲಿಸುವುದಿಲ್ಲ.

ರುಚಿಯಲ್ಲಿ ನೋಡಬೇಕಾದದ್ದು ಹಣ್ಣಿನ ಭಾವ ನುಂಗಿದ ಮೇಲೂ ಉಳಿಯುತ್ತದೆಯೇ, ಹಿಂದೆಯೇ ಮೆಲ್ಲನೆ ಕಹಿ ಬಂದು ಸಿಹಿಯನ್ನು ಒರೆಸುತ್ತದೆಯೇ ಎಂದು. ಕಹಿ ಪೂರ್ತಿ ಕಾಣೆಯಾದರೆ ಅದು ಶರಬತ್ತು. ಬಾಯಿಯ ಹದಕ್ಕೆ ಬಂದಾಗ ಕನ್ನಡದ ನಾಲಿಗೆಗೆ ಒಂದು ಅನುಕೂಲವಿದೆ. ಕಹಿ ಬೇರೆ, ಒಗರು ಬೇರೆ ಎಂಬುದು ಹಾಗಲಕಾಯಿಯನ್ನೂ ಎಳೆ ಬಾಳೆಕಾಯಿಯನ್ನೂ ತಿಂದು ಬೆಳೆದವರಿಗೆ ಯಾರೂ ಕಲಿಸಬೇಕಿಲ್ಲ. ಹಾಪ್ಸ್ ಅತಿಯಾದಾಗ ಕೆನ್ನೆಯ ಒಳಬದಿ ಬಿಗಿಯುವುದು ಒಗರು. ಹಾಪ್ಸಿನ ಪುಡಿ ಇನ್ನೂ ತಳ ಸೇರದ ಎಳೆಯ ಬಿಯರಿನಲ್ಲಿ ಗಂಟಲು ಕೆರೆಯುವುದೂ ಉಂಟು, ಸುವರ್ಣಗಡ್ಡೆಯ ಹಾಗೆ. ಎರಡಕ್ಕೂ ಅಂಕ ಕಡಿತ.

ಕೆಡುಕುಗಳಲ್ಲಿ ದೊಡ್ಡದು ಗಾಳಿ. ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕದಿದ್ದರೆ ಏನಾಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚು ಪಾಲಿಫಿನಾಲ್ ಇರುವ ಈ ಬಿಯರಿಗೂ ಆಮ್ಲಜನಕ ತಾಗಿದರೆ ಅದೇ ಗತಿ. ಹಳದಿ ಹೋಗಿ ಬೂದುಗಂದು ಬಣ್ಣ, ಚಕ್ಕೋತ ಹೋಗಿ ಒದ್ದೆ ರಟ್ಟಿನ ಮುಗ್ಗಲು, ಜೊತೆಗೆ ಜೇನಿನ ಜಿಡ್ಡು ಸಿಹಿ. ಒಮ್ಮೆ ಒಂದು ಅಂಗಡಿಯಲ್ಲಿ ತಾರೀಖು ನೋಡದೆ ಕೊಂಡ ದುಬಾರಿ ಕ್ಯಾನನ್ನು ನಾನು ಪಾತ್ರೆ ತೊಳೆಯುವ ಸಿಂಕಿಗೆ ಸುರಿದಿದ್ದೇನೆ. ಸುರಿದಾಗ ಅದು ಹುಣಸೆಹಣ್ಣು ಕಿವುಚಿದ ನೀರಿನಂತಿತ್ತು. ಕಾಫಿಪುಡಿಯನ್ನು ವಾರಕ್ಕೆ ಬೇಕಾದಷ್ಟೇ ಹುರಿಸಿ ತರುವವರಿಗೆ ಈ ಬಿಯರಿನ ಶಿಸ್ತು ಬೇಗ ಅರ್ಥವಾಗುತ್ತದೆ. ತೊಟ್ಟಿಯ ಪಕ್ಕದಲ್ಲೇ ಕುಳಿತು ಕುಡಿಯುವ ಮೈಕ್ರೋಬ್ರೂವರಿಯ ಲಾಭವೂ ಇದೇ. ಇನ್ನೊಂದು ದೋಷ ಬೆಣ್ಣೆಯ ವಾಸನೆ. ಡೈಅಸಿಟೈಲ್ ಅದರ ಹೆಸರು. ಡ್ರೈ ಹಾಪಿಂಗ್ ಆದ ಮೇಲೆ ಹಾಪ್ಸಿನ ಕಿಣ್ವಗಳಿಂದ ಹುದುಗು ಮತ್ತೆ ಕೆದರುತ್ತದೆ, ಅದು ತಣಿಯುವ ಮೊದಲೇ ಅವಸರದಲ್ಲಿ ಬಡಿಸಿದರೆ ಲೋಟದಿಂದ ಬೆಣ್ಣೆ ದೋಸೆಯ ಘಮ ಬರುತ್ತದೆ. ದೋಸೆಯಲ್ಲಿ ಅದಕ್ಕೆ ಪೂರ್ಣಾಂಕ, ಇಲ್ಲಿ ಇಲ್ಲ. ಥಯಾಲ್ ಹೆಚ್ಚಾಗಿ ಈರುಳ್ಳಿ ಬೆಳ್ಳುಳ್ಳಿ ನಾರುವ ಐಪಿಎಗಳೂ ಇವೆ. ಅದನ್ನೇ ಮೆಚ್ಚುವವರಿದ್ದಾರೆ, ನಾನಲ್ಲ.

ಅಂದು ಗೆಳೆಯನಿಗೆ ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಲೋಟ ಸರಿಯಾದ ಹದಕ್ಕೆ ಬೆಚ್ಚಗಾಗಿತ್ತು. ಕಾಗದದ ಕರವಸ್ತ್ರದ ಮೇಲೆ ಅಂಕ ಬರೆದೆವು. ಪರಿಮಳ 9, ಏಕೆಂದರೆ ಚಕ್ಕೋತ, ಸೀಬೆ ಎರಡೂ ಸ್ಪಷ್ಟವಾಗಿದ್ದವು, ಆದರೆ ಐದು ನಿಮಿಷದಲ್ಲಿ ಬಾಡಿದವು. ರುಚಿ 13, ಸಿಹಿ ಒಂದು ಕೂದಲೆಳೆ ಹೆಚ್ಚು. ಹದ 4. ಒಟ್ಟು ಅನುಭವ 7. ನೋಟದ ಕಾಲಂ ಅವನಿಗೆ ಬಿಟ್ಟೆ. ಇನ್ನೊಮ್ಮೆ ದೀಪಕ್ಕೆ ಹಿಡಿದು ನೋಡಿದ, ನನ್ನ ಮುಖ ಈಗಲೂ ಕಾಣಲಿಲ್ಲವಂತೆ, ಮೂರಕ್ಕೆ ಮೂರು ಕೊಟ್ಟ. ಕೂಡಿದರೆ 36. ಬಿಜೆಸಿಪಿ ಲೆಕ್ಕದಲ್ಲಿ 30ರಿಂದ 37ರವರೆಗೆ ವೆರಿ ಗುಡ್.

“ಇನ್ನೊಂದು ತರಲೇ ಸರ್?” ಎಂದ ಬಡಿಸುವ ಹುಡುಗ. ಗೆಳೆಯ ಲಾಗರ್ ಹೇಳಿದ. ಅದು ಬಂದ ಮೇಲೆ ಕುಡಿಯುವ ಮೊದಲು ಲೋಟಕ್ಕೆ ಮೂಗು ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರಲ್ಲಿ ಏನೂ ಇಲ್ಲವಲ್ಲೋ” ಎಂದ.