ಟ್ರಾಯ್ ಸಿಕ್ಕಿತು ಸರಿ, ಯುದ್ಧ ನಡೆಯಿತಾ?

"ಟ್ರಾಯ್ ನಗರ ಅಗೆದಾಗ ಸಿಕ್ಕಿದೆ, ಆದ್ದರಿಂದ ಹೋಮರನ ಕಥೆ ನಿಜ." ಪರೀಕ್ಷೆಯಲ್ಲಿ ಹೀಗೆ ದಯವಿಟ್ಟು ಬರೆಯಬೇಡಿ. ಹೆಲೆನ್ ಎಂಬ ರಾಣಿಗಾಗಿ ಗ್ರೀಕರು ಟ್ರಾಯ್ ಮೇಲೆ ಯುದ್ಧ ಮಾಡಿದರು ಎನ್ನುವುದು ಗ್ರೀಕ್ ಕವಿ ಹೋಮರನ 'ಇಲಿಯಡ್' ಕಾವ್ಯದ ಹಿಂದಿರುವ ಕಥೆ. ಊರು ಸಿಕ್ಕಿದ್ದು ಬೇರೆ, ಆ ಊರಲ್ಲಿ ಕಥೆ ನಡೆದದ್ದು ಬೇರೆ.

ಟರ್ಕಿಯ ವಾಯವ್ಯ ಮೂಲೆಯಲ್ಲಿ ಹಿಸಾರ್ಲಿಕ್ ಎಂಬ ದಿಬ್ಬ ಇದೆ. ಟ್ರಾಯ್ ಎಂದು ಗುರುತಿಸಿರುವುದು ಇದನ್ನೇ. ಅಲ್ಲಿ ಹಾಳಾದ ಊರಿನ ಮೇಲೆ ಇನ್ನೊಂದು ಊರು, ಅದರ ಮೇಲೆ ಮತ್ತೊಂದು. ಒಟ್ಟು ಒಂಬತ್ತು ಮುಖ್ಯ ಪದರಗಳು. ಎಣಿಕೆ ಕೆಳಗಿನಿಂದ ಶುರು. 1873ರಲ್ಲಿ ಅಲ್ಲಿ ಅಗೆಯುತ್ತಿದ್ದ ಜರ್ಮನಿಯ ಹೈನ್ರಿಖ್ ಶ್ಲೀಮನ್‌ಗೆ ಚಿನ್ನ ಸಿಕ್ಕಿತು. ಅದು ಕಥೆಯಲ್ಲಿ ಬರುವ ಟ್ರಾಯ್‌ನ ಪ್ರಿಯಾಮ್ ರಾಜನ ನಿಧಿ ಎಂದು ಅವನು ಸಾರಿಬಿಟ್ಟ. ಅದು 2ನೇ ಪದರದ್ದು. ಯುದ್ಧ ನಡೆಯಿತು ಎನ್ನುವ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು! ಆಳಕ್ಕೆ ಹೋಗುವ ಅವಸರದಲ್ಲಿ ಮೇಲಿನ ಪದರಗಳನ್ನೂ ಅವನು ಅಲ್ಲಲ್ಲಿ ಕಿತ್ತುಹಾಕಿದ. ಇದನ್ನು ಓದುವಾಗೆಲ್ಲ ಹೊಟ್ಟೆ ಉರಿಯುತ್ತದೆ. ನಮಗೆ ಬೇಕಾಗಿದ್ದ ಸಾಕ್ಷಿ ಅಲ್ಲೇ ಇತ್ತಲ್ವಾ?

ಯುದ್ಧದ ಪ್ರಶ್ನೆಗೆ ಮುಖ್ಯವಾದವು 6 ಮತ್ತು 7ಎ (7ನೇ ಪದರದ ಮೊದಲ ಹಂತ) ಪದರಗಳು. 6ನೇ ಪದರದ ದೊಡ್ಡ ಕೋಟೆ ಕ್ರಿ.ಪೂ. 1300ರ ಸುಮಾರಿಗೆ ಹಾಳಾಯಿತು. ಕಾರಣ ಭೂಕಂಪ ಎಂದು ಹಲವರ ಅಭಿಪ್ರಾಯ. 7ಎ ಕ್ರಿ.ಪೂ. 1180ರ ಹೊತ್ತಿಗೆ ಸುಟ್ಟುಹೋಯಿತು. ಬೂದಿ, ಬಾಣದ ಮೊನೆ, ಮನುಷ್ಯರ ಮೂಳೆ ಸಿಕ್ಕಿವೆ. ಯಾರೋ ದಾಳಿ ಮಾಡಿರಬಹುದು ಎನ್ನುವಷ್ಟಕ್ಕೆ ಇದು ಸಾಕು. ದಾಳಿ ಮಾಡಿದವರು ಗ್ರೀಕರು, ಅದೂ ಹೆಲೆನ್‌ಗಾಗಿ ಎನ್ನುವುದಕ್ಕೆ ಸಾಲದು.

ಹಾಗಂತ ಕಥೆಯೆಲ್ಲ ಸುಮ್ನೆ ಕಟ್ಟಿದ್ದು ಎನ್ನಲೂ ಆಗದು. 'ಇಲಿಯಡ್'ನ 10ನೇ ಭಾಗದಲ್ಲಿ ಗ್ರೀಕ್ ವೀರ ಒಡಿಸ್ಯೂಸ್ ಒಂದು ಶಿರಸ್ತ್ರಾಣ ತೊಡುತ್ತಾನೆ. ಒಳಗೆ ಬಿಗಿದ ಚರ್ಮದ ಪಟ್ಟಿ, ಹೊರಗೆ ಸಾಲಾಗಿ ಜೋಡಿಸಿದ ಕಾಡುಹಂದಿಯ ಕೋರೆಹಲ್ಲು. ಹೋಮರನದು ಸುಮಾರಾಗಿ ಕ್ರಿ.ಪೂ. 8ನೇ ಶತಮಾನ. ಅಷ್ಟೊತ್ತಿಗೆ ಇಂಥದ್ದನ್ನು ತೊಡುವುದು ನಿಂತು ಶತಮಾನಗಳೇ ಆಗಿದ್ದವು. ಆದರೆ ಹೋಮರನಿಗಿಂತ ಶತಮಾನಗಳಷ್ಟು ಹಿಂದಿನ, ಗ್ರೀಸ್‌ನ ಮೈಸಿನಿ ಕಾಲದ ಸಮಾಧಿಗಳಲ್ಲಿ ಅಂಥದೇ ಕೋರೆಹಲ್ಲಿನ ತುಂಡುಗಳು ಸಿಕ್ಕಿವೆ. ಹೊಲಿಯಲು ಕೊರೆದ ತೂತುಗಳೂ ಅವುಗಳಲ್ಲಿವೆ. ಅಂದರೆ ಹಾಡುಗಾರರ ಬಾಯಲ್ಲಿ ಹಳೆಯ ಕಾಲದ ಒಂದು ವಸ್ತುವಿನ ನೆನಪು ಉಳಿದು ಬಂದಿತ್ತು. ನನಗಂತೂ ನಿಧಿಗಿಂತ ಇದೇ ಜಾಸ್ತಿ ಬೆಲೆಯ ಸಾಕ್ಷಿ.

ಉತ್ತರ ಬರೆಯುವಾಗ ಯಾವ ಪದರ, ಯಾವ ಕಾಲ ಎಂದು ಮೊದಲು ನಮೂದಿಸಿ. 1876ರಲ್ಲಿ ಗ್ರೀಸ್‌ನ ಮೈಸಿನಿ ಊರಲ್ಲಿ ಸಿಕ್ಕ 'ಅಗಮೆಮ್ನನ್ ಮುಖವಾಡ'ಕ್ಕೂ ಇದೇ ಲೆಕ್ಕ. ಕಥೆಯಲ್ಲಿ ಗ್ರೀಕ್ ಸೇನೆಯ ನಾಯಕ ಅಗಮೆಮ್ನನ್; ಮುಖವಾಡಕ್ಕೆ ಅವನ ಹೆಸರಿಟ್ಟಿದ್ದಾರೆ. ಅದು ಕ್ರಿ.ಪೂ. 16ನೇ ಶತಮಾನದ್ದು. ಅಗಮೆಮ್ನನ್ ಇದ್ದದ್ದೇ ನಿಜವಾದರೂ, ಅವನ ಕಾಲಕ್ಕಿಂತ ಸುಮಾರು 300 ವರ್ಷ ಹಿಂದಿನದು.